ಯುಕುಲೇಲೆಯಲ್ಲಿ ಹಾರ್ಮೋನಿಕ್ ಮೈನರ್ ಸ್ಕೇಲ್: ಮೂರು ಮೆಟ್ಟಿನ ಜಿಗಿತವನ್ನು ಕಲಿಸುವ ಬಗೆ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ಗಣಿತ ಮತ್ತು ಭೌತವಿಜ್ಞಾನದ ಪಾಠಗಳ ಜೊತೆಗೆ ಎಂಟನೇ ತರಗತಿಯ ಐದು ಸಹಪಠ್ಯ ಅವಧಿಗಳನ್ನೂ ನನಗೆ ವಹಿಸಲಾಗಿತ್ತು. ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಕೊಡುಗೆಯಾಗಿ ಕೊಟ್ಟ ಆರು ಯುಕುಲೇಲೆಗಳಿದ್ದವು. ಸಂಗೀತ ಶಿಕ್ಷಕರು ಇರಲಿಲ್ಲ. ತರಗತಿಯಲ್ಲಿ 24 ಮಕ್ಕಳು. ಹಿಂದಿನ ವರ್ಷ ಅವರು ಮೂರು ನಾಲ್ಕು ಕಾರ್ಡ್‌ಗಳನ್ನೂ ಸಿ ಮೇಜರ್ ಸ್ಕೇಲನ್ನೂ ಕಲಿತಿದ್ದರು. ಯಾವ ತಂತಿಯಲ್ಲಿ ಎಲ್ಲಿ ಬೆರಳಿಡಬೇಕು ಎಂಬ ಪಟ್ಟಿ ಗೋಡೆಯ ಮೇಲೆ ಇನ್ನೂ ಇತ್ತು. ಅದನ್ನು ನೋಡಿಕೊಂಡು ಮಕ್ಕಳು ಚೆನ್ನಾಗಿಯೇ ನುಡಿಸುತ್ತಿದ್ದರು. "ಇದನ್ನೇ ಬೇರೆ ತಂತಿಯಿಂದ ಶುರು ಮಾಡಿ ನೋಡೋಣ" ಎಂದರೆ ಮಾತ್ರ ಕೈ ನಿಂತುಬಿಡುತ್ತಿತ್ತು.

ನನ್ನ ಪಾಠಯೋಜನೆ ಹುಟ್ಟಿದ್ದು ಇಲ್ಲಿಂದ. ಐದು ಅವಧಿ ಮುಗಿದ ಮೇಲೆ ನಾನು ಕಾಲೇಜಿಗೆ ಮರಳುತ್ತೇನೆ. ವಾದ್ಯಗಳು ಅಲ್ಲೇ ಇರುತ್ತವೆ, ಮಕ್ಕಳೂ ಅಲ್ಲೇ ಇರುತ್ತಾರೆ, ಅನುಮಾನ ಬಂದರೆ ಕೇಳಲು ಯಾರೂ ಇರುವುದಿಲ್ಲ. ಗೋಡೆಯ ಪಟ್ಟಿ ಒಂದು ದಿನ ಹರಿದುಹೋಗುತ್ತದೆ. ಆ ದಿನ ಮಗುವಿನ ಬಳಿ ಏನು ಉಳಿದಿರಬೇಕು? ಸ್ಕೇಲನ್ನು ಎಲ್ಲಿಂದ ಬೇಕಾದರೂ ತಾನೇ ಕಂಡುಕೊಳ್ಳುವ ದಾರಿ ಉಳಿದಿರಬೇಕು ಎಂದುಕೊಂಡು ಹಾರ್ಮೋನಿಕ್ ಮೈನರ್ ಸ್ಕೇಲನ್ನು ಪಾಠಕ್ಕೆ ಆರಿಸಿಕೊಂಡೆ. ಇದರಲ್ಲಿ ಸ್ವರಗಳ ನಡುವಿನ ದೂರಗಳು ಒಂದೇ ಸಮ ಇಲ್ಲ. ಒಂದು ಕಡೆ ದೊಡ್ಡ ಜಿಗಿತವಿದೆ. ಪಟ್ಟಿಯನ್ನು ಬಾಯಿಪಾಠ ಮಾಡಿದವರು ಎಡವುವುದು ಆ ಜಾಗದಲ್ಲೇ. ದೂರವನ್ನು ತಿಳಿದವರಿಗೆ ಅದೇ ಜಾಗ ಗುರುತಿನ ಕಲ್ಲಾಗುತ್ತದೆ.

ವಾದ್ಯದ ಪರಿಚಯ

ಯುಕುಲೇಲೆ ಹವಾಯಿ ದ್ವೀಪಗಳ ವಾದ್ಯ. ಅದರ ಬೇರು ಪೋರ್ಚುಗಲ್‌ಗೆ ಸೇರಿದ ಮಡೈರಾ ದ್ವೀಪದಲ್ಲಿದೆ. 1879ರಲ್ಲಿ ಕಬ್ಬಿನ ತೋಟಗಳಲ್ಲಿ ದುಡಿಯಲು ಮಡೈರಾದ ಜನರನ್ನು ಹೊತ್ತ 'ರೇವನ್ಸ್‌ಕ್ರ್ಯಾಗ್' ಎಂಬ ಹಡಗು ಹೊನೊಲುಲುವಿಗೆ ಬಂತು. ಅದರಲ್ಲಿ ಮಾನುಎಲ್ ನುನೆಸ್, ಅಗಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ ಎಂಬ ಮೂವರು ಮರಗೆಲಸದವರೂ ಇದ್ದರು. ತಮ್ಮೂರಿನ ಚಿಕ್ಕ ತಂತಿವಾದ್ಯಗಳ ಮಾದರಿಯಲ್ಲಿ ಅವರು ಮಾಡಿದ ವಾದ್ಯವೇ ಅಲ್ಲಿ ಯುಕುಲೇಲೆ ಆಯಿತು. ಹವಾಯಿಯ ದೊರೆ ಕಲಾಕೌವಾ ಅದಕ್ಕೆ ಆಸ್ಥಾನದಲ್ಲಿ ಮನ್ನಣೆ ಕೊಟ್ಟ. 'ಹಾರುವ ಚಿಗಟ' ಎಂಬುದು ಆ ಹೆಸರಿಗೆ ಸಾಮಾನ್ಯವಾಗಿ ಹೇಳುವ ಅರ್ಥ. ಮಕ್ಕಳಿಗೆ ಇದನ್ನು ಹೇಳಿದಾಗ ನಕ್ಕರು, ಹೆಸರನ್ನು ಮರೆಯಲಿಲ್ಲ.

ವಾದ್ಯದ ಭಾಗಗಳಿಗೆ ನಮ್ಮ ವೀಣೆಯ ಹೆಸರುಗಳನ್ನೇ ಬಳಸಿದೆ. ಕೈ ಹಿಡಿಯುವ ಉದ್ದನೆಯ ಭಾಗ ದಂಡಿ, ತಂತಿ ಬಿಗಿಯುವುದು ಬಿರಡೆ, ತಂತಿಯ ಕೆಳತುದಿಯನ್ನು ಹೊರುವುದು ಕುದುರೆ, ದಂಡಿಯ ಮೇಲಿನ ಅಡ್ಡಪಟ್ಟಿಗಳು ಮೆಟ್ಟುಗಳು. ನಾಲ್ಕು ನೈಲಾನ್ ತಂತಿಗಳು. ನುಡಿಸುವವರ ಗಲ್ಲದ ಕಡೆಯಿಂದ ಅವು ಕ್ರಮವಾಗಿ ಜಿ, ಸಿ, ಇ, ಎ. ಇಲ್ಲಿ ಒಂದು ವಿಶೇಷವಿದೆ. ಮೇಲಿನ ಜಿ ತಂತಿ ಎಲ್ಲಕ್ಕಿಂತ ಮಂದ್ರವಲ್ಲ. ಸಿ ಮತ್ತು ಇ ಎರಡಕ್ಕಿಂತಲೂ ಎತ್ತರದ ಸ್ವರ. ಆದ್ದರಿಂದ ಸ್ಕೇಲ್ ಕಲಿಸುವಾಗ ಆ ತಂತಿಯನ್ನು ಬದಿಗಿಟ್ಟು ಸಿ, ಇ, ಎ ಎಂಬ ಮೂರು ತಂತಿಗಳಲ್ಲೇ ಕೆಲಸ ಮಾಡಿದೆ. ಜಿ ತಂತಿಗೆ ಬೇರೆ ಕೆಲಸವಿದೆ; ಅದು ಮೊದಲ ಅವಧಿಯಲ್ಲೇ ಬರುತ್ತದೆ.

ವಿಷಯ ವಿಶ್ಲೇಷಣೆ

ಒಂದು ಮೆಟ್ಟಿನಿಂದ ಪಕ್ಕದ ಮೆಟ್ಟಿಗೆ ಹೋದರೆ ಸ್ವರ ಒಂದು ಮನೆ ಏರುತ್ತದೆ. ಹನ್ನೆರಡು ಮನೆ ಏರಿದರೆ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜ. ಈ ಹನ್ನೆರಡರಲ್ಲಿ ಎಲ್ಲೆಲ್ಲಿ ನಿಲ್ಲುತ್ತೇವೆ ಎನ್ನುವುದೇ ಸ್ಕೇಲ್. ಹಾರ್ಮೋನಿಕ್ ಮೈನರ್‌ನಲ್ಲಿ ನಿಲ್ಲುವ ಜಾಗಗಳು ಹೀಗಿವೆ. ಖಾಲಿ ತಂತಿಯನ್ನು ಸೊನ್ನೆ ಎಂದು ಎಣಿಸಬೇಕು.

ಸ: 0
ರಿ: 2
ಗ: 3
ಮ: 5
ಪ: 7
ದ: 8
ನಿ: 11
ಮೇಲಿನ ಸ: 12

ನಡುವಿನ ದೂರಗಳು: 2, 1, 2, 2, 1, 3, 1. ಕೂಡಿದರೆ 12. ಎ ತಂತಿಯಲ್ಲಿ ನುಡಿಸಿದರೆ ಇದು ಎ ಹಾರ್ಮೋನಿಕ್ ಮೈನರ್. ಸಿ ತಂತಿಯಲ್ಲಿ ನುಡಿಸಿದರೆ ಸಿ ಹಾರ್ಮೋನಿಕ್ ಮೈನರ್. ಅಕ್ಷರಗಳು ಬದಲಾಗುತ್ತವೆ, ದೂರಗಳು ಬದಲಾಗುವುದಿಲ್ಲ. ಕೆನಡಾದ ಶಾಲೆಗಳಲ್ಲಿ ಯುಕುಲೇಲೆಯನ್ನು ತರಗತಿಯ ವಾದ್ಯವಾಗಿ ಬೆಳೆಸಿದ ಜೆ. ಚಾಮರ್ಸ್ ಡೋನ್ ಅವರು ನಾಲ್ಕು ತಂತಿಗಳನ್ನೂ ಎರಡು ಮನೆ ಏರಿಸಿ ಎ, ಡಿ, ಎಫ್ ಶಾರ್ಪ್, ಬಿ ಎಂದು ಶ್ರುತಿ ಮಾಡಿಸುತ್ತಿದ್ದರು. ಆ ವಾದ್ಯದಲ್ಲಿ ನಮ್ಮ ಅಕ್ಷರಗಳ ಪಟ್ಟಿ ಪೂರ್ತಿ ತಪ್ಪಾಗುತ್ತದೆ. ಮೇಲಿನ ದೂರಗಳ ಸಾಲು ಅಲ್ಲಿಯೂ ಸರಿಯೇ.

ಕರ್ನಾಟಕ ಸಂಗೀತ ಬಲ್ಲವರಿಗೆ ಈ ಸ್ವರಗಳು ಹೊಸವಲ್ಲ. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ: ಇದು 21ನೇ ಮೇಳಕರ್ತ ಕೀರವಾಣಿಯ ಸ್ವರಸ್ಥಾನ. ಪಕ್ಕದ 20ನೇ ಮೇಳ ನಠಭೈರವಿಯಲ್ಲಿ ನಿಷಾದ ಮಾತ್ರ ಒಂದು ಮನೆ ಕೆಳಗೆ, ಅಂದರೆ 10ರಲ್ಲಿ ಕೈಶಿಕಿ ನಿಷಾದವಾಗಿ ಇರುತ್ತದೆ. ಅದು ಪಾಶ್ಚಾತ್ಯರ ನ್ಯಾಚುರಲ್ ಮೈನರ್. ಇವೆರಡರ ನಡುವಿನ ವ್ಯತ್ಯಾಸ ಒಂದೇ ಸ್ವರದ್ದು, ಒಂದೇ ಮೆಟ್ಟಿನದ್ದು.

ಆ ಒಂದು ಸ್ವರವನ್ನು ಏಕೆ ಏರಿಸಿದರು? ಪಾಶ್ಚಾತ್ಯ ಸಂಗೀತದಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಕ್ರಮವಿದೆ; ಹಾರ್ಮನಿ ಎನ್ನುವುದು ಅದನ್ನೇ. ಪಂಚಮದ ಮೇಲೆ ಕಟ್ಟಿದ ಕಾರ್ಡ್‌ನಿಂದ ಷಡ್ಜದ ಕಾರ್ಡ್‌ಗೆ ಬಂದಾಗ ಹಾಡು ಮನೆ ಸೇರಿದಂತೆ ಕೇಳಬೇಕು. ನಿಷಾದ ಷಡ್ಜದಿಂದ ಎರಡು ಮೆಟ್ಟು ದೂರದಲ್ಲಿದ್ದರೆ ಆ ಸೆಳೆತ ಸಡಿಲ, ಒಂದೇ ಮೆಟ್ಟು ದೂರದಲ್ಲಿದ್ದರೆ ಬಿಗಿ. ಆದ್ದರಿಂದ ನಿಷಾದವನ್ನು ಷಡ್ಜದ ಹತ್ತಿರಕ್ಕೆ ತಂದರು. ಹಾರ್ಮನಿಗಾಗಿ ಆದ ಬದಲಾವಣೆಯಾದ್ದರಿಂದ ಸ್ಕೇಲಿಗೆ ಆ ಹೆಸರು. ಷಡ್ಜಕ್ಕೆ ಹತ್ತಿರವಾದ ನಿಷಾದ ತನ್ನ ಹಿಂದಿನ ಧೈವತಕ್ಕೆ ಅಷ್ಟೇ ದೂರವಾಯಿತು. ದ ಮತ್ತು ನಿ ನಡುವಿನ ಮೂರು ಮೆಟ್ಟಿನ ಅಂತರ ಹುಟ್ಟಿದ್ದು ಹೀಗೆ. ಧೈವತವನ್ನೂ ಒಂದು ಮೆಟ್ಟು ಏರಿಸಿ ಆ ಅಂತರವನ್ನು ತುಂಬಿದರೆ ಮೆಲಾಡಿಕ್ ಮೈನರ್‌ನ ಆರೋಹಣ ಸಿಗುತ್ತದೆ. ನಮ್ಮಲ್ಲಿ ಅದು 23ನೇ ಮೇಳ ಗೌರಿಮನೋಹರಿಯ ಸ್ವರಗಳು.

ಕಲಿಸುವವರು ಹಿಡಿದುಕೊಳ್ಳಬೇಕಾದದ್ದು ಈ ಕಾರಣವನ್ನು. "ಏಳನೇ ಸ್ವರವನ್ನು ಏರಿಸಿ" ಎಂದು ನಿಯಮ ಹೇಳಿಕೊಟ್ಟರೆ ಮಗು ನಿಯಮವನ್ನು ಮರೆಯಬಹುದು. ಏಕೆ ಏರಿತು ಎಂದು ಕಿವಿಯಿಂದ ಕೇಳಿದ್ದರೆ, ಮರೆತಾಗ ಮತ್ತೆ ಕೇಳಿ ಕಂಡುಕೊಳ್ಳಬಹುದು.

ಪೂರ್ವಜ್ಞಾನ

ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಎಂಬ ಸೂತ್ರವನ್ನು ನಾವೆಲ್ಲ ಪಾಠಯೋಜನೆಯಲ್ಲಿ ಬರೆಯುತ್ತೇವೆ. ಈ ಪಾಠದಲ್ಲಿ ಅದಕ್ಕೆ ಒಳ್ಳೆಯ ಆಧಾರ ಸಿಕ್ಕಿತು. ತರಗತಿಯ ಕೆಲವು ಮಕ್ಕಳು ಮನೆಯ ಹತ್ತಿರ ಸಂಗೀತ ಪಾಠಕ್ಕೆ ಹೋಗಿ ಸರಳೆ ವರಸೆ ಕಲಿತಿದ್ದರು. ಸರಳೆಯನ್ನು ಹಾಡುವುದು 15ನೇ ಮೇಳ ಮಾಯಾಮಾಳವಗೌಳದಲ್ಲಿ. ಅದರ ದೂರಗಳು 1, 3, 1, 2, 1, 3, 1. ಕೊನೆಯ ನಾಲ್ಕು ಸ್ವರಗಳಾದ ಪ, ದ, ನಿ, ಸ ಇವುಗಳನ್ನು ಗಮನಿಸಿ: ಒಂದು, ಮೂರು, ಒಂದು. ಕೀರವಾಣಿಯ ಉತ್ತರಾಂಗವೂ ಅದೇ. ಸರಳೆ ಕಲಿತ ಮಗುವಿನ ಗಂಟಲಿನಲ್ಲಿ ಈ ಜಿಗಿತ ಆಗಲೇ ಕೂತಿದೆ. ಹೊಸದಾಗಿ ಕಲಿಯಬೇಕಾದದ್ದು ಪೂರ್ವಾರ್ಧ ಮಾತ್ರ.

ಇದರಲ್ಲಿ ಒಂದು ಅಪಾಯವೂ ಇತ್ತು. ಹೊರಗೆ ಪಾಠಕ್ಕೆ ಹೋಗುವ ಮಕ್ಕಳು ಉತ್ತರ ಹೇಳುತ್ತಾ ಹೋದರೆ ಉಳಿದವರು ಪ್ರೇಕ್ಷಕರಾಗುತ್ತಾರೆ. ಸಂಗೀತದ ತರಗತಿಯಲ್ಲಿ ಇದು ಬೇಗ ಆಗುವಂಥದ್ದು. "ಅವಳಿಗೆ ಬರುತ್ತೆ, ನನಗೆ ಬರಲ್ಲ" ಎಂದು ಮಗು ಮೊದಲ ದಿನವೇ ತೀರ್ಮಾನ ಮಾಡಿಬಿಡುತ್ತದೆ. ಆದ್ದರಿಂದ ಒಂದೇ ವಿಷಯಕ್ಕೆ ಎರಡು ಬಾಗಿಲು ಇಡಬೇಕೆಂದು ಯೋಜಿಸಿದೆ. ಹಾಡಬಲ್ಲವರು ಕಿವಿಯಿಂದ ಬರಲಿ, ಹಾಡಲು ಹಿಂಜರಿಯುವವರು ಎಣಿಕೆಯಿಂದ ಬರಲಿ.

ತರಗತಿಯ ವ್ಯವಸ್ಥೆ

ಆರು ವಾದ್ಯಗಳಿಗೆ 24 ಮಕ್ಕಳು, ಅಂದರೆ ಗುಂಪಿಗೆ ನಾಲ್ವರು. ಒಬ್ಬರು ಮೀಟುವವರು, ಒಬ್ಬರು ಮೆಟ್ಟು ಎಣಿಸುವವರು, ಒಬ್ಬರು ಸ್ವರ ಹಾಡುವವರು, ಒಬ್ಬರು ಕಣ್ಣು ಮುಚ್ಚಿ ಕೇಳುವವರು. ಕೇಳುವವರಿಗೆ ಸ್ವರ ಸರಿಯಿಲ್ಲ ಎನಿಸಿದರೆ ಕೈ ಎತ್ತಬೇಕು. ಏನು ತಪ್ಪಾಯಿತು ಎಂದು ಹೇಳಬೇಕಿಲ್ಲ. ಐದು ನಿಮಿಷಕ್ಕೊಮ್ಮೆ ಪಾತ್ರ ಬದಲು. 35 ನಿಮಿಷದ ಅವಧಿಯಲ್ಲಿ ಶ್ರುತಿ ಮಾಡಲು, ಕೂರಲು ಹತ್ತು ನಿಮಿಷ ಹೋದರೂ ಪ್ರತಿಯೊಬ್ಬರಿಗೂ ಒಂದು ಸರದಿ ಸಿಗುತ್ತಿತ್ತು.

ವಾದ್ಯ ಕಡಿಮೆ ಇರುವುದನ್ನು ಕೊರತೆ ಎಂದೇ ನಾವು ಬರೆಯುತ್ತೇವೆ. ಈ ಪಾಠದಲ್ಲಿ ಅದರಿಂದ ಅನುಕೂಲವೂ ಆಯಿತು. ಮೀಟುವ ಮಗುವಿನ ಗಮನ ಬೆರಳಿನ ಮೇಲಿರುತ್ತದೆ, ತನ್ನ ಸ್ವರ ತನಗೆ ಪೂರ್ತಿ ಕೇಳಿಸುವುದಿಲ್ಲ. ಪಕ್ಕದಲ್ಲಿ ಕೇಳುವುದೇ ಕೆಲಸವಾಗಿ ಕೂತ ಗೆಳತಿ ಇದ್ದರೆ ತಪ್ಪು ಕೂಡಲೇ ಗೊತ್ತಾಗುತ್ತದೆ. ಶಿಕ್ಷಕರು ಆರೂ ಗುಂಪಿಗೆ ಓಡಬೇಕಾಗಿಲ್ಲ.

ಮೊದಲ ಅವಧಿ: ಕಿವಿಗೆ ಪ್ರಶ್ನೆ

ಸ್ಕೇಲ್ ಎಂಬ ಪದವನ್ನೇ ಈ ದಿನ ಎತ್ತಲಿಲ್ಲ. ಎ ಮೈನರ್ ಕಾರ್ಡ್ ಮಕ್ಕಳಿಗೆ ಗೊತ್ತಿತ್ತು: ಜಿ ತಂತಿಯಲ್ಲಿ ಎರಡನೇ ಮೆಟ್ಟು, ಉಳಿದ ಮೂರೂ ಖಾಲಿ. ಅದನ್ನು ನಾಲ್ಕು ಸಲ ಮೀಟಿ ಇದೇ 'ಮನೆ' ಎಂದು ಹೇಳಿದೆ. ನಂತರ ಸಿ ತಂತಿಯ ಎರಡನೇ ಮೆಟ್ಟಿನಲ್ಲಿ ನಡುಬೆರಳು, ಎ ತಂತಿಯ ಎರಡನೇ ಮೆಟ್ಟಿನಲ್ಲಿ ಉಂಗುರಬೆರಳು ಇಟ್ಟು, ಜಿ ಮತ್ತು ಇ ತಂತಿಗಳನ್ನು ಖಾಲಿ ಬಿಟ್ಟು ಮೀಟಿದೆ. ಇದು ಇ ಮೈನರ್ ಸೆವೆಂತ್. ಅಲ್ಲಿಂದ ಮನೆಗೆ ಬಂದೆ. ಮತ್ತೆ ಅದೇ ಹಿಡಿತ, ಆದರೆ ಈ ಸಲ ತೋರುಬೆರಳನ್ನು ಜಿ ತಂತಿಯ ಮೊದಲ ಮೆಟ್ಟಿನ ಮೇಲೂ ಇಟ್ಟು ಮೀಟಿದೆ. ಇದು ಇ ಸೆವೆಂತ್. ಅಲ್ಲಿಂದಲೂ ಮನೆಗೆ ಬಂದೆ.

"ಯಾವ ಸಲ ಮನೆ ಸೇರಿದ ಹಾಗೆ ಚೆನ್ನಾಗಿ ಅನ್ನಿಸಿತು?" ಎಂದು ಕೇಳಿದೆ. ಮೂರು ಸಲ ಕೇಳಿಸಿದ ಮೇಲೆ ತರಗತಿ ಎರಡನೆಯದರ ಕಡೆ ವಾಲಿತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಎರಡನೇದು ನಿಲ್ಲೋಕೇ ಬಿಡಲ್ಲ ಮೇಡಂ, ದಬ್ಬುತ್ತೆ" ಎಂದ. ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ಅದನ್ನೇ ಕಪ್ಪುಹಲಗೆಯ ಮೇಲೆ ಬರೆದೆ.

ಆಮೇಲೆ ಕೇಳಿದೆ: ಎರಡು ಹಿಡಿತಕ್ಕೂ ವ್ಯತ್ಯಾಸವೇನು? ಒಂದೇ ಬೆರಳು. ಯಾವ ತಂತಿ? ಜಿ. ಆ ತಂತಿಯೊಂದನ್ನೇ ಮೀಟಿಸಿದೆ. ಮೊದಲ ಸಲ ಸೊನ್ನೆಯಿಂದ ಎರಡಕ್ಕೆ, ಎರಡನೇ ಸಲ ಒಂದರಿಂದ ಎರಡಕ್ಕೆ. ದಬ್ಬುವ ಸ್ವರ ಮನೆಯ ಬಾಗಿಲಲ್ಲೇ ನಿಂತ ಸ್ವರ ಎಂಬುದು ಕಣ್ಣಿಗೂ ಕಂಡಿತು. ಬದಿಗಿಟ್ಟ ಜಿ ತಂತಿಯ ಕೆಲಸ ಇದೇ.

ಎರಡನೇ ಅವಧಿ: ಒಂದೇ ತಂತಿ

ಎ ತಂತಿಯಲ್ಲಿ 0, 2, 3, 5, 7, 8 ಎಂದು ಆರು ಸ್ವರಗಳನ್ನು ಕೊಟ್ಟು ನಿಲ್ಲಿಸಿದೆ. ಕೈ ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಹೋಗುತ್ತದೆ, ತಂತಿ ದಾಟುವ ಗೊಂದಲವಿಲ್ಲ. ಎಣಿಸುವವರು ಮೆಟ್ಟನ್ನು ಮುಟ್ಟಿ ತೋರಿಸಬೇಕು, ಮೀಟುವವರು ಮೆಟ್ಟಿನ ಮೇಲಲ್ಲ, ಅದರ ತುಸು ಹಿಂದೆ, ಬಿರಡೆಯ ಕಡೆಗೆ ಬೆರಳೊತ್ತಬೇಕು. ಹಾಡುವವರು ತಮಗೆ ಹಿತವಾದ ಕೆಳಗಿನ ಸ್ಥಾಯಿಯಲ್ಲಿ ಹಾಡಲಿ. ಎ ತಂತಿಯ ಎತ್ತರದಲ್ಲಿ ಹಾಡಿಸಿದರೆ ಗಂಟಲಿಗೆ ದಣಿವು.

ಈಗ ಏಳನೇ ಸ್ವರಕ್ಕೆ ಎರಡು ಜಾಗ ಸೂಚಿಸಿದೆ: 10 ಅಥವಾ 11. ಯಾವುದನ್ನು ಇಟ್ಟರೆ ನಿನ್ನೆಯ ದಬ್ಬುವ ಸ್ವರ ಸಿಗುತ್ತದೆ? ಎಣಿಸುವವರು 12ಕ್ಕೆ ಒಂದು ಕಡಿಮೆ ಎಂದು 11 ಹೇಳಿದರು. ಕೇಳುವವರು ಎರಡನ್ನೂ ನುಡಿಸಿಕೊಂಡು 11 ಎಂದರು. ಎರಡು ಬಾಗಿಲಿನಿಂದ ಬಂದವರೂ ಒಂದೇ ಕೋಣೆಗೆ ಬಂದರು. ಇದು ಅನುಗಮನ ವಿಧಾನ. ನಿಯಮ ಮಕ್ಕಳ ಬಾಯಿಂದ ಬಂದ ಮೇಲೆ ಹೆಸರು ಹೇಳಿದೆ. ಕೀರವಾಣಿ ಎಂದಾಗ ಮುಂದಿನ ಸಾಲಿನಿಂದ, "ನಾಟು ನಾಟು ಹಾಡಿಗೆ ಆಸ್ಕರ್ ತಗೊಂಡ್ರಲ್ಲ, ಅವರಾ?" ಎಂಬ ಪ್ರಶ್ನೆ ಬಂತು. 2023ರಲ್ಲಿ ಪ್ರಶಸ್ತಿ ಪಡೆದ ಸಂಗೀತ ನಿರ್ದೇಶಕರ ಹೆಸರೂ ಅದೇ, ರಾಗದ ಹೆಸರೂ ಅದೇ ಎಂದೆ. ಆ ಹೆಸರು ಆಮೇಲೆ ಯಾರಿಗೂ ಮರೆಯಲಿಲ್ಲ.

ಸರಳೆ ಕಲಿತವರಿಂದ ಪ, ದ, ನಿ, ಸ ಹಾಡಿಸಿ, ಉಳಿದವರಿಂದ 7, 8, 11, 12 ನುಡಿಸಿದೆ. ಎರಡೂ ಹೊಂದಿದವು.

ಮೂರನೇ ಅವಧಿ: ದೊಡ್ಡ ಹೆಜ್ಜೆ ಏಕೆ ಚಿಕ್ಕದಾಗಿ ಕಾಣುತ್ತದೆ?

ಈ ಅವಧಿಗೆ ನಾನು ಬರೆದಿದ್ದ ಯೋಜನೆ ಬೇರೆ. ಅದನ್ನು ಬದಲಿಸಿದ್ದು ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ. ಸಂಗೀತ ಪಾಠಕ್ಕೆ ಎಂದೂ ಹೋಗದ, ಹಾಡುವ ಸರದಿ ಬಂದಾಗ ತಲೆ ತಗ್ಗಿಸುತ್ತಿದ್ದ ಹುಡುಗಿ ಅವಳು. ಎಣಿಸುವ ಪಾತ್ರದಲ್ಲಿದ್ದಾಗ ತನ್ನ ಬೆರಳುಗಳನ್ನು ಅಗಲಿಸಿ ಅಳೆದು ನೋಡಿ ಕೇಳಿದಳು: "ಮೇಡಂ, ದ-ಯಿಂದ ನಿ-ಗೆ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಅಂದ್ರಿ. ಆದರೆ ಸ-ಯಿಂದ ರಿ-ಗೆ ಹೋಗೋದೇ ಜಾಸ್ತಿ ದೂರ ಇದೆಯಲ್ಲ?"

ಅವಳು ಹೇಳಿದ್ದು ಸರಿ. ನಮ್ಮ ವಾದ್ಯದಲ್ಲಿ ಮೇಲ್ತುದಿಯ ಪಟ್ಟಿಯಿಂದ ಕುದುರೆಯವರೆಗೆ ತಂತಿಯ ಉದ್ದ ಸುಮಾರು 34 ಸೆಂ.ಮೀ. ಅಳತೆಪಟ್ಟಿ ತರಿಸಿ ಅಳೆಸಿದೆ. ಸೊನ್ನೆಯಿಂದ ಎರಡನೇ ಮೆಟ್ಟಿಗೆ ಸುಮಾರು 3.7 ಸೆಂ.ಮೀ. ಎಂಟರಿಂದ ಹನ್ನೊಂದನೇ ಮೆಟ್ಟಿಗೆ ಸುಮಾರು 3.4 ಸೆಂ.ಮೀ. ಮೂರು ಮೆಟ್ಟಿನ ಜಿಗಿತ ಎರಡು ಮೆಟ್ಟಿನ ಹೆಜ್ಜೆಗಿಂತ ಚಿಕ್ಕದು!

ಕಾರಣ ಭೌತವಿಜ್ಞಾನದ್ದು. ತಂತಿಯ ಉದ್ದ ಅರ್ಧವಾದರೆ ಕಂಪನಾಂಕ ಎರಡರಷ್ಟಾಗಿ ಮೇಲಿನ ಷಡ್ಜ ಸಿಗುತ್ತದೆ. ಆದ್ದರಿಂದ 12ನೇ ಮೆಟ್ಟು 17 ಸೆಂ.ಮೀ.ನಲ್ಲಿ, ತಂತಿಯ ಸರಿ ನಡುವೆ ಇದೆ. ಆ ಅರ್ಧದಲ್ಲಿ ಹನ್ನೆರಡು ಮೆಟ್ಟುಗಳನ್ನು ಸಮ ಅಂತರದಲ್ಲಿ ಇಡುವುದಿಲ್ಲ, ಸಮ ಅನುಪಾತದಲ್ಲಿ ಇಡುತ್ತಾರೆ. ಉಳಿದಿರುವ ತಂತಿಯ ಉದ್ದವನ್ನು ಸುಮಾರು 17.8ರಿಂದ ಭಾಗಿಸಿದರೆ ಮುಂದಿನ ಮೆಟ್ಟಿನ ಜಾಗ ಸಿಗುತ್ತದೆ. ಮೊದಲ ಮೆಟ್ಟಿಗೆ 34 ಭಾಗಿಸು 17.8, ಅಂದರೆ ಸುಮಾರು 1.9 ಸೆಂ.ಮೀ. ಮುಂದೆ ಹೋದಂತೆ ಉಳಿದ ತಂತಿ ಕಡಿಮೆಯಾಗುತ್ತದೆ, ಹೆಜ್ಜೆಯೂ ಕಿರಿದಾಗುತ್ತದೆ. 11ರಿಂದ 12ಕ್ಕೆ ಬರುವಾಗ ಅದು ಒಂದು ಸೆಂ.ಮೀ. ಮಾತ್ರ. ಮಕ್ಕಳು ಒಂದೊಂದಾಗಿ ಲೆಕ್ಕ ಮಾಡಿ ಅಳತೆಯೊಂದಿಗೆ ತಾಳೆ ನೋಡಿದರು.

ಪಾಠದ ದೃಷ್ಟಿಯಿಂದ ಇದರ ತಾತ್ಪರ್ಯ ಒಂದೇ ಸಾಲು: ದೂರವನ್ನು ಕಣ್ಣಳತೆಯಿಂದ ಅಳೆಯಬೇಡ, ಮೆಟ್ಟು ಎಣಿಸು. ಈ ಸಾಲನ್ನು ಕಪ್ಪುಹಲಗೆಯ ಮೇಲೆ ಬರೆದದ್ದು ಆ ಹುಡುಗಿ. ಮುಂದಿನ ಅವಧಿಯಲ್ಲಿ ಅವಳ ಗುಂಪು ಎಲ್ಲಿಯಾದರೂ ತಡವರಿಸಿದರೆ ಉಳಿದವರು ಅವಳ ಕಡೆ ನೋಡುತ್ತಿದ್ದರು. ಎಣಿಕೆಯ ಬಾಗಿಲು ಹಾಡಿನ ಬಾಗಿಲಿಗಿಂತ ಕಡಿಮೆಯದಲ್ಲ ಎಂದು ತರಗತಿಗೆ ತಿಳಿಯಿತು. ಅದನ್ನು ನಾನು ಮಾತಿನಲ್ಲಿ ಹೇಳಿದ್ದರೆ ಅಷ್ಟು ನಾಟುತ್ತಿರಲಿಲ್ಲ.

ನಾಲ್ಕನೇ ಅವಧಿ: ತಂತಿ ದಾಟುವುದು

ಒಂದೇ ತಂತಿಯಲ್ಲಿ ನುಡಿಸುವುದು ತಿಳಿಯಲು ಒಳ್ಳೆಯದು, ವೇಗವಾಗಿ ನುಡಿಸಲು ಅಲ್ಲ. ಕೈ ಒಂದೇ ಕಡೆ ಇರಬೇಕಾದರೆ ಸಿ, ಇ, ಎ ತಂತಿಗಳನ್ನು ದಾಟಬೇಕು. ಇಲ್ಲಿಯೂ ಪಟ್ಟಿ ಕೊಡಲಿಲ್ಲ. ಎರಡು ಸಂಗತಿಗಳನ್ನು ನುಡಿಸಿ ಕೇಳಿಸಿದೆ. ಸಿ ತಂತಿಯ ನಾಲ್ಕನೇ ಮೆಟ್ಟು ಮತ್ತು ಖಾಲಿ ಇ ತಂತಿ ಒಂದೇ ಸ್ವರ. ಇ ತಂತಿಯ ಐದನೇ ಮೆಟ್ಟು ಮತ್ತು ಖಾಲಿ ಎ ತಂತಿ ಒಂದೇ ಸ್ವರ. ಅಂದರೆ ಸಿ ತಂತಿಯಿಂದ ಇ ತಂತಿಗೆ ದಾಟಿದರೆ ನಾಲ್ಕು ಕಳೆ. ಅಲ್ಲಿಂದ ಎ ತಂತಿಗೆ ದಾಟಿದರೆ ಮತ್ತೆ ಐದು ಕಳೆ.

ಮಕ್ಕಳು ಕಳೆಯುತ್ತಾ ಹೋದರು. ಸ 0, ರಿ 2, ಗ 3: ಇವು ಸಿ ತಂತಿಯಲ್ಲೇ. ಮ 5, ನಾಲ್ಕು ಕಳೆದರೆ ಇ ತಂತಿಯಲ್ಲಿ 1. ಪ 7, ಅಲ್ಲಿ 3. ದ 8, ಅಲ್ಲಿ 4. ನಿ 11, ನಾಲ್ಕು ಕಳೆದರೆ 7, ಮತ್ತೆ ಐದು ಕಳೆದರೆ ಎ ತಂತಿಯಲ್ಲಿ 2. ಮೇಲಿನ ಸ 12, ಅದು 3.

ಸಿ ತಂತಿ: 0, 2, 3
ಇ ತಂತಿ: 1, 3, 4
ಎ ತಂತಿ: 2, 3

ಮೊದಲ ನಾಲ್ಕು ಮೆಟ್ಟುಗಳೊಳಗೆ ಪೂರ್ತಿ ಸ್ಕೇಲ್. ಒಂದನೇ ಮೆಟ್ಟಿಗೆ ತೋರುಬೆರಳು, ಎರಡಕ್ಕೆ ನಡುಬೆರಳು, ಮೂರಕ್ಕೆ ಉಂಗುರಬೆರಳು, ನಾಲ್ಕಕ್ಕೆ ಕಿರುಬೆರಳು. ಕೈ ಕದಲಬೇಕಾಗಿಲ್ಲ.

ಪಾಠದ ಅತ್ಯಂತ ಕಷ್ಟದ ಜಾಗ ಇಲ್ಲಿದೆ. ದ ಇರುವುದು ಇ ತಂತಿಯ ನಾಲ್ಕರಲ್ಲಿ, ಕಿರುಬೆರಳಿನಲ್ಲಿ. ನಿ ಇರುವುದು ಎ ತಂತಿಯ ಎರಡರಲ್ಲಿ, ನಡುಬೆರಳಿನಲ್ಲಿ. ಸ್ವರ ಮೂರು ಮನೆ ಮೇಲೆ ಜಿಗಿಯುತ್ತದೆ, ಬೆರಳಿನ ಜಾಗ ಮಾತ್ರ ಎರಡು ಮೆಟ್ಟು ಹಿಂದಕ್ಕೆ ಬರುತ್ತದೆ. ಕಣ್ಣಿಗೆ ಜಿಗಿತ ಕಾಣುವುದೇ ಇಲ್ಲ. ಪಟ್ಟಿಯಿಂದ ಮೊದಲು ಕಲಿತವರು ಈ ಜಾಗದಲ್ಲಿ ಒಂದನೇ ಮೆಟ್ಟನ್ನು ಒತ್ತಿ ನಠಭೈರವಿಗೆ ಹೋಗಿಬಿಡುವುದು ಸಹಜ. ಒಂದು ಮೆಟ್ಟು ಅತ್ತಿತ್ತ ಆದದ್ದು ಕೈಗೆ ಗೊತ್ತಾಗುವುದಿಲ್ಲ. ನಮ್ಮ ಗುಂಪುಗಳಲ್ಲೂ ಹಾಗೆ ಆಯಿತು. ಕಣ್ಣು ಮುಚ್ಚಿ ಕೂತವರ ಕೈ ತಕ್ಷಣ ಮೇಲೆದ್ದಿತು. ಒಬ್ಬಳು "ದಬ್ಬಲಿಲ್ಲ" ಎಂದಳು. ಮೀಟುವವನು ತಾನೇ ಬೆರಳನ್ನು ಒಂದು ಮೆಟ್ಟು ಸರಿಸಿಕೊಂಡ. ನಾನು ಬಾಯಿ ತೆರೆಯಬೇಕಾಗಲಿಲ್ಲ. ಮೊದಲ ದಿನ ಕಿವಿಗೆ ಕೊಟ್ಟ ಸಮಯ ನಾಲ್ಕನೇ ದಿನ ಫಲ ಕೊಟ್ಟಿತು.

ಅಭ್ಯಾಸಕ್ಕೆ ಪೂರ್ತಿ ಸ್ಕೇಲನ್ನು ಪದೇ ಪದೇ ನುಡಿಸುವ ಬದಲು ಪ, ದ, ನಿ, ಸ, ಮತ್ತೆ ಸ, ನಿ, ದ, ಪ ಎಂಬ ತುಣುಕನ್ನು ನಿಧಾನವಾಗಿ ಹತ್ತು ಸಲ ನುಡಿಸಿದೆ. ಕಷ್ಟವಿರುವುದು ಎಲ್ಲೋ ಅಭ್ಯಾಸವೂ ಅಲ್ಲೇ ನಡೆಯಬೇಕು.

ಒಂದು ಎಚ್ಚರಿಕೆ

ಮಕ್ಕಳು ಮನೆಗೆ ಹೋಗಿ "ಕೀರವಾಣಿ ರಾಗ ಕಲಿತೆವು" ಎಂದು ಹೇಳಬಾರದೆಂದು ಐದು ನಿಮಿಷ ಇದಕ್ಕೇ ಮೀಸಲಿಟ್ಟೆ. ನಾವು ಕಲಿತದ್ದು ಸ್ವರಸ್ಥಾನಗಳನ್ನು. ರಾಗದಲ್ಲಿ ಗಮಕವಿದೆ, ಸಂಚಾರವಿದೆ, ಯಾವ ಸ್ವರದಲ್ಲಿ ಎಷ್ಟು ನಿಲ್ಲಬೇಕೆಂಬ ಕ್ರಮವಿದೆ. ವೀಣೆಯ ಮೆಟ್ಟುಗಳು ಮೇಣದಲ್ಲಿ ಎತ್ತರವಾಗಿ ಕೂತಿರುವುದರಿಂದ ತಂತಿಯನ್ನು ಪಕ್ಕಕ್ಕೆ ಎಳೆದು ಒಂದೇ ಮೆಟ್ಟಿನಲ್ಲಿ ಹಲವು ಸ್ವರಗಳನ್ನು ತರಬಹುದು. ಯುಕುಲೇಲೆಯ ಗಿಡ್ಡ ನೈಲಾನ್ ತಂತಿಯಲ್ಲಿ ಆ ಎಳೆತಕ್ಕೆ ಅವಕಾಶ ತೀರಾ ಕಡಿಮೆ. ತ್ಯಾಗರಾಜರ 'ಕಲಿಗಿಯುಂಟೇ' ಕೃತಿ ಕೀರವಾಣಿಯಲ್ಲಿದೆ. ಅದನ್ನು ಮೊಬೈಲಿನಲ್ಲಿ ಕೇಳಿಸಿ, "ನಮ್ಮ ಎಂಟು ಸ್ವರ ಇದರಲ್ಲಿದೆಯೇ? ನಮ್ಮಲ್ಲಿ ಇಲ್ಲದ್ದು ಏನಿದೆ?" ಎಂದು ಕೇಳಿದೆ. "ಅವರು ಸ್ವರವನ್ನ ಅಲ್ಲಾಡಿಸ್ತಾರೆ" ಎಂಬ ಉತ್ತರ ಬಂತು. ಆ ವಯಸ್ಸಿಗೆ ಗಮಕದ ಪರಿಚಯ ಅಷ್ಟು ಸಾಕು.

ಐದನೇ ಅವಧಿ: ಮೌಲ್ಯಮಾಪನ

ಕಲಿಸಿದ ಸ್ಕೇಲನ್ನೇ ನುಡಿಸಿ ತೋರಿಸಿ ಎಂದರೆ ಅದು ನೆನಪಿನ ಪರೀಕ್ಷೆ. ನನ್ನ ಉದ್ದೇಶ ಬೇರೆಯಾಗಿದ್ದರಿಂದ ಎರಡು ಹೊಸ ಕೆಲಸ ಕೊಟ್ಟೆ.

ಒಂದನೆಯದು: ಖಾಲಿ ಇ ತಂತಿಯನ್ನು ಷಡ್ಜ ಮಾಡಿಕೊಂಡು, ಎ ತಂತಿಗೆ ದಾಟಿ, ಇದೇ ಸ್ಕೇಲನ್ನು ಕಂಡುಹಿಡಿಯಿರಿ. ನಾನು ಇದನ್ನು ಹೇಳಿಕೊಟ್ಟಿರಲಿಲ್ಲ. ಉತ್ತರ ಹೀಗೆ: ಇ ತಂತಿಯಲ್ಲಿ 0, 2, 3, ಎ ತಂತಿಯಲ್ಲಿ 0, 2, 3, 6, 7. ಹೆಚ್ಚಿನ ಗುಂಪುಗಳು ಐದು ಕಳೆಯುವ ಲೆಕ್ಕದಿಂದ ಬಂದವು. ಒಂದು ಗುಂಪು ಲೆಕ್ಕ ಬಿಟ್ಟು ಪೂರ್ತಿ ಕಿವಿಯಿಂದಲೇ ಹುಡುಕಿತು, ತಡವಾಯಿತು, ಸರಿಯಾಗಿತ್ತು. ಇಲ್ಲಿ ಜಿಗಿತ ಮತ್ತೆ ಒಂದೇ ತಂತಿಗೆ ಬರುವುದರಿಂದ 3ರಿಂದ 6ಕ್ಕೆ ಕೈ ಸರಿಯಬೇಕು. ಅದನ್ನು ನೋಡಿ ಮಕ್ಕಳು "ಇಲ್ಲಿ ಕಾಣುತ್ತೆ, ಅಲ್ಲಿ ಅಡಗಿತ್ತು" ಎಂದು ತಾವೇ ಹೋಲಿಸಿದರು.

ಎರಡನೆಯದು: ಎ ಮೈನರ್, ಡಿ ಮೈನರ್, ಇ ಸೆವೆಂತ್ ಎಂಬ ಮೂರು ಕಾರ್ಡ್‌ಗಳನ್ನು ಒಬ್ಬರು ಮೀಟಲಿ, ಇನ್ನೊಂದು ವಾದ್ಯದಲ್ಲಿ ಎ ತಂತಿಯ ಸ್ಕೇಲಿನಿಂದ ಎಂಟು ಎಣಿಕೆಯ ಒಂದು ಸಾಲು ಕಟ್ಟಿ, ಕೊನೆಗೆ ನಿ-ಯಿಂದ ಸ-ಗೆ ಬರಬೇಕು. ಈ ಮೂರು ಕಾರ್ಡ್‌ಗಳಲ್ಲಿರುವ ಸ್ವರಗಳನ್ನು ಕೂಡಿಸಿದರೆ ಸ್ಕೇಲಿನ ಏಳೂ ಸ್ವರ ಸಿಗುತ್ತವೆ. ಆದ್ದರಿಂದ ಮಕ್ಕಳು ಕಟ್ಟಿದ ಸಾಲು ಎಲ್ಲೋ ಒಂದು ಕಡೆ ಕಾರ್ಡ್‌ಗೆ ಹೊಂದಿಯೇ ಹೊಂದುತ್ತದೆ, ಹೊಂದದ ಕಡೆ ಅವರೇ ತಿದ್ದಿಕೊಳ್ಳಬಲ್ಲರು.

ವೀಕ್ಷಣಾ ಪಟ್ಟಿಯಲ್ಲಿ ನಾಲ್ಕು ಅಂಶಗಳನ್ನಷ್ಟೇ ಇಟ್ಟಿದ್ದೆ: ದೂರಗಳ ಸಾಲನ್ನು ನೋಡದೆ ಹೇಳುತ್ತದೆಯೇ, ಕೈಶಿಕಿ ಮತ್ತು ಕಾಕಲಿ ನಿಷಾದಗಳನ್ನು ಕಿವಿಯಿಂದ ಬೇರ್ಪಡಿಸುತ್ತದೆಯೇ, ಹೊಸ ತಂತಿಯಿಂದ ಆರಂಭಿಸಬಲ್ಲದೇ, ತಪ್ಪಾದಾಗ ತಾನೇ ತಿದ್ದಿಕೊಳ್ಳುತ್ತದೆಯೇ. ವೇಗಕ್ಕೆ ಅಂಕವಿರಲಿಲ್ಲ. ನಾಲ್ಕನೆಯ ಅಂಶಕ್ಕೇ ಹೆಚ್ಚು ತೂಕ ಕೊಟ್ಟೆ. ಕಲಿಸುವವರು ಇಲ್ಲದ ಶಾಲೆಯಲ್ಲಿ ಕಲಿಕೆ ಮುಂದುವರಿಯುವುದು ಅದೊಂದರ ಮೇಲೆ.

ಸಹಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಮಾಡಬಯಸುವವರು ಯುಕುಲೇಲೆಗಾಗಿ ಕಾಯಬೇಕಿಲ್ಲ. ಹಾರ್ಮೋನಿಯಂ ಇದ್ದರೆ ಮನೆಗಳನ್ನು ಎಣಿಸಬಹುದು, ಕೀಬೋರ್ಡ್ ಇದ್ದರೂ ಆಗುತ್ತದೆ. ಕ್ರಮ ಮಾತ್ರ ತಲೆಕೆಳಗಾಗಬಾರದು: ಮೊದಲು ಕೇಳುವುದು, ಆಮೇಲೆ ಎಣಿಸುವುದು, ಆಮೇಲೆ ಬೆರಳಿನ ಅನುಕೂಲ, ಕೊನೆಯಲ್ಲಿ ಹೆಸರು. ಪಾಠಯೋಜನೆಯಲ್ಲಿ ಒಂದು ಅವಧಿಯನ್ನಾದರೂ ಮಕ್ಕಳ ಪ್ರಶ್ನೆಗೆ ಬಿಟ್ಟುಕೊಡುವಷ್ಟು ಸಡಿಲವಿರಲಿ.

ಐದನೇ ಅವಧಿಯ ಕೊನೆಗೆ ಮಕ್ಕಳು ಹಳೆಯ ಪಟ್ಟಿಯ ಪಕ್ಕದಲ್ಲಿ ಹೊಸದೊಂದು ಕಾಗದ ಅಂಟಿಸಿದರು. ಅದರಲ್ಲಿ ತಂತಿಯ ಚಿತ್ರವಿಲ್ಲ, ಬೆರಳಿನ ಗುರುತಿಲ್ಲ. 2, 1, 2, 2, 1, 3, 1 ಎಂಬ ಏಳು ಅಂಕಿಗಳೂ ಕೆಳಗೆ "ಎಣಿಸು, ಕೇಳು" ಎಂಬ ಎರಡು ಪದಗಳೂ ಇವೆ. ಆ ಕಾಗದ ಹರಿದುಹೋದರೂ ಏಳು ಅಂಕಿ ನೆನಪಿಡುವುದು ಕಷ್ಟವಲ್ಲ. ಅಂಕಿಯೂ ಮರೆತುಹೋದರೆ ಜಿ ತಂತಿಯ ಮೊದಲ ಮೆಟ್ಟಿನ ಮೇಲೆ ಬೆರಳಿಟ್ಟು ಇ ಸೆವೆಂತ್ ಮೀಟಿದರೆ ಸಾಕು. ನಿಷಾದ ಎಲ್ಲಿರಬೇಕೆಂದು ಕಿವಿಯೇ ಹೇಳುತ್ತದೆ.